ಎಚ್‌ಡಿಆರ್ ಹಾಕಿದ್ರೆ ಚಿತ್ರ ಯಾಕೆ ಮಂಕಾಗುತ್ತೆ? 107 ಕೋಟಿ ಬಣ್ಣ ಇದ್ರೂ ಆಕಾಶದಲ್ಲಿ ಪಟ್ಟೆ ಯಾಕೆ?

ಕುಂದಗೋಳದಾಂವ

ನಮಸ್ಕಾರ್ರಿ ಎಲ್ಲಾರಿಗೂ. ಹೋದ ತಿಂಗಳ ಮನಿಗೆ 43 ಇಂಚಿನ 4ಕೆ ಟಿವಿ ತಂದೇವಿ. ಡಬ್ಬಿ ಮ್ಯಾಲೆ ದೊಡ್ಡದಾಗಿ ಎಚ್‌ಡಿಆರ್10 (ಹೈ ಡೈನಾಮಿಕ್ ರೇಂಜ್, ಅಂದ್ರ ಬೆಳಕು ಕತ್ತಲಿನ ಹೆಚ್ಚು ವ್ಯಾಪ್ತಿ ತೋರಸೋ ವಿಡಿಯೊ) ಅಂತ ಐತಿ, ಬಾಜೂಕ 107 ಕೋಟಿ ಬಣ್ಣ ಅಂತ ಬರದಾರ. ಸಾದಾ ಸಿನಿಮಾ ಹಚ್ಚಿದ್ರ ಚಿತ್ರ ಚಲೋ ಕಾಣತೈತಿ. ಎಚ್‌ಡಿಆರ್ ಗುರುತು ಇರೋ ಸಿನಿಮಾ ಹಚ್ಚಿದ ಕೂಡ್ಲೇ ಇಡೀ ಪರದೆ ಮಂಕು. ರಾತ್ರಿ ಸೀನ್ ಬಂತಂದ್ರ ಯಾರ ಬಂದ್ರು ಯಾರ ಹೋದ್ರು ಒಂದೂ ತಿಳಿಯಂಗಿಲ್ಲ. ಮತ್ತ ಸೂರ್ಯ ಮುಳುಗೋ ಸೀನ್‌ನಾಗ ಆಕಾಶ ಪಟ್ಟಿ ಪಟ್ಟಿ ಆಗಿ ಕಾಣತೈತಿ. ಅಷ್ಟು ಕೋಟಿ ಬಣ್ಣ ಇದ್ದ ಮ್ಯಾಲೆ ಪಟ್ಟಿ ಯಾಕ್ರಿ ಬರತಾವ?

ಅಂಗಡಿಯವರನ್ನ ಕೇಳಿದ್ರ "ಎಚ್‌ಡಿಆರ್ ಅಂದ್ರ ಹಂಗ ಸರ್, ಥೇಟರ್ ಲುಕ್" ಅಂತಾರ. ಖರೇನ? ತಮ್ಮ ಬ್ಯಾರೆ ಎಚ್‌ಡಿಆರ್ 400 ಮಾನಿಟರ್ ತಗೋತೀನಿ ಅಂತ ಹಟ ಹಿಡದು ಕುಂತಾನ. ತಿಳಿದವರು ಸ್ವಲ್ಪ ಹೇಳ್ರಿ.

ಜಯನಗರ_ನಾಲ್ಕನೇ_ಬ್ಲಾಕ್

ಬ್ರೈಟ್‌ನೆಸ್ ಪೂರ್ತಿ ಏರಿಸಿ ನೋಡಿ.

ಕುಂದಗೋಳದಾಂವ

ಏರಿಸಿ ನೋಡೇನ್ರಿ. ಕಪ್ಪು ಇದ್ದದ್ದು ಬೂದಿ ಬಣ್ಣ ಆತು, ಬೆಳಕೇನು ಹೆಚ್ಚಾಗಲಿಲ್ಲ.

ಗ್ರೇಡಿಂಗ್_ಕೋಣೆ

ಅದು ಹಾಗೇ ಆಗೋದು. ಬಹಳಷ್ಟು ಟಿವಿಗಳಲ್ಲಿ "ಬ್ರೈಟ್‌ನೆಸ್" ಅನ್ನೋದು ಕಪ್ಪಿನ ಮಟ್ಟ ಎತ್ತೋ ಗುಂಡಿ. ನಿಜವಾದ ಬೆಳಕು ಇರೋದು "ಬ್ಯಾಕ್‌ಲೈಟ್" ಅನ್ನೋ ಕಡೆ.

ನಾನು ಬೆಂಗಳೂರಿನಲ್ಲಿ ಕಲರ್ ಗ್ರೇಡಿಂಗ್, ಅಂದರೆ ಸಿನಿಮಾದ ಬಣ್ಣ ಬೆಳಕು ಹೊಂದಿಸೋ ಕೆಲಸ ಮಾಡ್ತೀನಿ. ನೆಂಟರಿಂದ ಹಿಡಿದು ನಿರ್ಮಾಪಕರ ತನಕ ಎಲ್ಲರೂ ಇದೇ ಪ್ರಶ್ನೆ ಕೇಳ್ತಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಪರದೆಯ ಬೆಳಕನ್ನು ನಿಟ್‌ನಲ್ಲಿ ಅಳೀತಾರೆ. ಮಾಮೂಲಿ ವಿಡಿಯೊ, ಅಂದರೆ ಎಸ್‌ಡಿಆರ್, ಸ್ಟುಡಿಯೊದಲ್ಲಿ ತಯಾರಾಗೋದು ಅಚ್ಚ ಬಿಳಿಯನ್ನು 100 ನಿಟ್‌ಗೆ ಹೊಂದಿಸಿದ ಮಾನಿಟರ್ ಮೇಲೆ. ಪಿಕ್ಚರ್ ಟ್ಯೂಬ್ ಕಾಲದಿಂದ ಉಳಿದುಕೊಂಡು ಬಂದ ಅಳತೆ ಅದು. ಆದರೆ ಎಸ್‌ಡಿಆರ್ ಸಿಗ್ನಲ್‌ನಲ್ಲಿ ನಿಟ್ ಲೆಕ್ಕವೇ ಇರೋದಿಲ್ಲ. "ಇದು ನೂರಕ್ಕೆ ನೂರು, ಇದು ನೂರಕ್ಕೆ ಐವತ್ತು" ಅಂತಷ್ಟೇ ಇರುತ್ತೆ. ನಿಮ್ಮ ಟಿವಿ 300 ನಿಟ್ ಕೊಡುತ್ತೆ ಅಂದುಕೊಳ್ಳಿ. ಅದು ನೂರಕ್ಕೆ ನೂರನ್ನು 300 ಅಂತ ತೋರಿಸುತ್ತೆ. ನಾವು ಕತ್ತಲೆ ಕೋಣೆಯಲ್ಲಿ ಕೂತು ಮಾಡಿದ್ದಕ್ಕಿಂತ ಮೂರು ಪಟ್ಟು ಬೆಳಕಿನಲ್ಲಿ ನೀವು ಸಿನಿಮಾ ನೋಡ್ತೀರಿ. ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರೀತಾ ಇದ್ರೂ ಚೆನ್ನಾಗಿ ಕಾಣೋದು ಅದಕ್ಕೇ.

ಎಚ್‌ಡಿಆರ್10 ಮತ್ತು ಡಾಲ್ಬಿ ವಿಷನ್ (ಅದೂ ಎಚ್‌ಡಿಆರ್‌ನ ಒಂದು ಬಗೆ) ಎರಡಕ್ಕೂ ಆಧಾರ ಪಿಕ್ಯೂ ಅನ್ನೋ ಕರ್ವ್, ಅಂದರೆ ಸಿಗ್ನಲ್‌ನ ಸಂಖ್ಯೆಯನ್ನು ಬೆಳಕಾಗಿ ಬದಲಿಸೋ ಸೂತ್ರ. ಡಾಲ್ಬಿಯವರು ರೂಪಿಸಿದ್ದು, 2014ರಲ್ಲಿ ಎಸ್‌ಎಂಪಿಟಿಇ ಅನ್ನೋ ಸಿನಿಮಾ, ಟಿವಿ ತಂತ್ರಜ್ಞರ ಸಂಸ್ಥೆ ಅದನ್ನು ಎಸ್‌ಟಿ 2084 ಅನ್ನೋ ಮಾನದಂಡವಾಗಿ ಪ್ರಕಟಿಸಿತು. ಇದರಲ್ಲಿ ಪ್ರತಿ ಸಂಖ್ಯೆಗೂ ಇಷ್ಟೇ ನಿಟ್ ಅಂತ ಕಟ್ಟುನಿಟ್ಟು, ಸೊನ್ನೆಯಿಂದ 10,000 ನಿಟ್ ತನಕ. ರಾತ್ರಿ ಸೀನ್‌ನಲ್ಲಿ ನಾಯಕಿಯ ಮುಖಕ್ಕೆ ನಾನು 15 ನಿಟ್ ಇಟ್ಟಿದ್ರೆ ಟಿವಿ 15 ನಿಟ್‌ನಲ್ಲೇ ತೋರಿಸಬೇಕು. ಅದೇ ಮುಖವನ್ನು ಎಸ್‌ಡಿಆರ್ ಆವೃತ್ತಿಯಲ್ಲಿ ನಿಮ್ಮ ಟಿವಿ 45ಕ್ಕೆ ಎತ್ತಿ ತೋರಿಸ್ತಾ ಇತ್ತು. ನಿಮಗೆ ಮಂಕು ಅನ್ನಿಸೋದರಲ್ಲಿ ಅರ್ಧ ಪಾಲು ಇದೇ. ಟಿವಿ ತಪ್ಪು ಮಾಡ್ತಿಲ್ಲ, ಬೆಳಗಿರೋ ಹಾಲ್‌ನಲ್ಲಿ 15 ನಿಟ್ ನಮ್ಮ ಕಣ್ಣಿಗೆ ಸಾಲೋದಿಲ್ಲ, ಅಷ್ಟೇ.

ಉಳಿದರ್ಧ ಟಿವಿಯ ಬಡತನ. ಹೆಚ್ಚಿನ ಎಚ್‌ಡಿಆರ್ ಸಿನಿಮಾಗಳನ್ನು 1000 ನಿಟ್ ಮಾನಿಟರ್ ಇಟ್ಟುಕೊಂಡು ಮಾಡ್ತಾರೆ, ಕೆಲವನ್ನು 4000ಕ್ಕೆ. ನಿಮ್ಮದು 300ಕ್ಕೇ ನಿಲ್ಲುತ್ತೆ. ಮೇಲಿನದನ್ನು ಟಿವಿ ಏನು ಮಾಡಬೇಕು? ಒಂದೋ 300ರ ಮೇಲಿರೋದನ್ನೆಲ್ಲ ಬಿಳಿ ಮಾಡಿ ಕತ್ತರಿಸಬೇಕು, ಆಗ ಮೋಡದೊಳಗಿನ ವಿವರ ಹೋಯ್ತು. ಇಲ್ಲಾ ಎಲ್ಲವನ್ನೂ ಒತ್ತಿ 300ರೊಳಗೆ ಕೂರಿಸಬೇಕು, ಆಗ ಮಧ್ಯದ ಬೆಳಕೂ ಕೆಳಗಿಳಿಯುತ್ತೆ. ಇದಕ್ಕೆ ಟೋನ್ ಮ್ಯಾಪಿಂಗ್ ಅಂತಾರೆ. ಒಳ್ಳೆ ಟಿವಿ ಮುಖಗಳನ್ನು ಮುಟ್ಟದೆ ಮೇಲಿನ ಭಾಗವನ್ನಷ್ಟೇ ನಯವಾಗಿ ಬಗ್ಗಿಸುತ್ತೆ. ಅಗ್ಗದ ಟಿವಿ ಎಲ್ಲವನ್ನೂ ಒಟ್ಟಿಗೆ ಕೆಳಕ್ಕೆ ಎಳೆಯುತ್ತೆ.

ಡಬ್ಬಿ ಮೇಲಿನ ಎಚ್‌ಡಿಆರ್10 ಅಂದ್ರೆ "ಆ ಸಿಗ್ನಲ್ ಬಂದ್ರೆ ಅರ್ಥ ಮಾಡಿಕೊಳ್ತೀನಿ" ಅಂತ ಮಾತ್ರ. ಬಾಗಿಲಿಗೆ ಸುಸ್ವಾಗತ ಬೋರ್ಡ್ ಇದೆ ಅಂದ ಮಾತ್ರಕ್ಕೆ ಒಳಗೆ ಊಟ ಬಡಿಸ್ತಾರೆ ಅಂತಲ್ಲ. ಎಷ್ಟು ನಿಟ್ ಕೊಡಬೇಕು ಅಂತ ಆ ಹೆಸರಿನಲ್ಲಿ ಯಾವ ಷರತ್ತೂ ಇಲ್ಲ.

ಜಯನಗರ_ನಾಲ್ಕನೇ_ಬ್ಲಾಕ್

ಅಂದ್ರೆ ಅಗ್ಗದ ಟಿವಿಯಲ್ಲಿ ಎಚ್‌ಡಿಆರ್ ಆಫ್ ಮಾಡಿಟ್ಟುಕೊಳ್ಳೋದೇ ವಾಸಿ ಅಂತೀರಾ?

ಗ್ರೇಡಿಂಗ್_ಕೋಣೆ

ಹಗಲಲ್ಲಿ ನೋಡೋದಾದ್ರೆ, ಹೌದು, ನಾನಂತೂ ಎಸ್‌ಡಿಆರ್ ನೋಡ್ತೀನಿ. ನಮ್ಮ ಕ್ಷೇತ್ರದವರು ಇದನ್ನು ಒಪ್ಪೋದಿಲ್ಲ, ಇರಲಿ. ಆದರೆ ರಾತ್ರಿ ಲೈಟ್ ಆರಿಸಿ ನೋಡೋರಿಗೆ ಮೊದಲು ಕೆಲವು ಸೆಟ್ಟಿಂಗ್ ಹೇಳ್ತೀನಿ. ಎಚ್‌ಡಿಆರ್ ವಿಡಿಯೊ ಓಡ್ತಾ ಇರುವಾಗಲೇ ಮೆನು ತೆಗೀರಿ. ಎಸ್‌ಡಿಆರ್‌ಗೆ ಒಂದು, ಎಚ್‌ಡಿಆರ್‌ಗೆ ಒಂದು ಅಂತ ಟಿವಿ ಬೇರೆ ಬೇರೆ ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತೆ, ಮಾಮೂಲಿ ಚಾನೆಲ್ ಹಾಕಿಕೊಂಡು ಬದಲಾಯಿಸಿದ್ದು ಇದಕ್ಕೆ ಹತ್ತೋದಿಲ್ಲ. ವಿದ್ಯುತ್ ಉಳಿತಾಯದ ಮೋಡ್ ಇದ್ರೆ ಆಫ್ ಮಾಡಿ, ಕೋಣೆಯ ಬೆಳಕು ನೋಡಿ ಪರದೆ ಇಳಿಸೋ ಸೆನ್ಸರ್ ಕೂಡ. ಅರ್ಧಕ್ಕರ್ಧ ದೂರು ಅಲ್ಲೇ ತೀರುತ್ತೆ. ಬ್ಯಾಕ್‌ಲೈಟ್ ತುದಿಗೆ ಏರಿಸಿ. "ಡೈನಾಮಿಕ್ ಟೋನ್ ಮ್ಯಾಪಿಂಗ್" ಅಂತ ಇದ್ರೆ ಆನ್ ಮಾಡಿ. ನನ್ನಂಥವನಿಗೆ ಅದು ಇಷ್ಟ ಇಲ್ಲ, ನಾವು ಇಟ್ಟ ಬೆಳಕನ್ನು ಅದು ಸೀನ್ ಸೀನಿಗೂ ತನ್ನಿಷ್ಟಕ್ಕೆ ತಿದ್ದುತ್ತೆ. ಆದರೂ 300 ನಿಟ್ ಟಿವಿಯಲ್ಲಿ ಏನೂ ಕಾಣದೆ ಇರೋದಕ್ಕಿಂತ ತಿದ್ದಿದ್ದು ಕಂಡರೆ ಮೇಲು.

ರಾತ್ರಿಪಾಳಿ

ಮಂಕಾಗೋ ವಿಷಯ ಸರಿಯಾಗಿ ಹೇಳಿದ್ರು. ಪಟ್ಟೆ ವಿಷಯ ಬೇರೆ. ಇವೆರಡನ್ನೂ ಒಂದೇ ಅಂತ ಜನ ಕಲಸಿಬಿಡ್ತಾರೆ, ಡಬ್ಬಿ ಮೇಲೂ ಹಾಗೇ ಅಕ್ಕಪಕ್ಕ ಬರೀತಾರೆ. ನಾನು ಡಿಸ್‌ಪ್ಲೇ ಡ್ರೈವರ್ ಸಾಫ್ಟ್‌ವೇರ್ ಬರೆಯೋನು, ಈ ಭಾಗ ನಂಗೆ ಬಿಡಿ.

ಕೆಂಪು, ಹಸಿರು, ನೀಲಿ, ಒಂದೊಂದಕ್ಕೂ 8 ಬಿಟ್ ಅಂದ್ರೆ 256 ಹಂತ. ಮೂರನ್ನೂ ಗುಣಿಸಿದ್ರೆ 1,67,77,216 ಬಣ್ಣ. 10 ಬಿಟ್ ಅಂದ್ರೆ 1024 ಹಂತ, ಗುಣಿಸಿದ್ರೆ 107 ಕೋಟಿ ಚಿಲ್ಲರೆ. ಡಬ್ಬಿ ಮೇಲಿನ ಸಂಖ್ಯೆ ಅಲ್ಲಿಂದ ಬಂದದ್ದು. ಕೇಳೋಕೆ ಚೆನ್ನಾಗಿದೆ, ಆದರೆ ಕೋಟಿ ಲೆಕ್ಕದಿಂದ ಪಟ್ಟೆಯ ಬಗ್ಗೆ ಏನೂ ತಿಳಿಯೋದಿಲ್ಲ. ಸಂಜೆ ಆಕಾಶದಲ್ಲಿ ಕೋಟಿಗಟ್ಟಲೆ ಬಣ್ಣ ಇರೋದಿಲ್ಲ, ಒಂದೇ ಕಿತ್ತಳೆ ನಿಧಾನಕ್ಕೆ ಕಡಿಮೆ ಆಗ್ತಾ ಹೋಗುತ್ತೆ. ಅಲ್ಲಿ ಎಷ್ಟು ಹಂತ ಸಿಗುತ್ತೆ ಅನ್ನೋದೇ ಪ್ರಶ್ನೆ.

ಟಿವಿ ವಿಡಿಯೊದಲ್ಲಿ ಇನ್ನೂ ಕಡಿಮೆ. 8 ಬಿಟ್‌ನಲ್ಲಿ ಕಪ್ಪು ಅಂದ್ರೆ 16, ಬಿಳಿ ಅಂದ್ರೆ 235. ನಡುವೆ ಉಳಿಯೋದು 220 ಹಂತ. ಎಸ್‌ಡಿಆರ್‌ನ ಕಡಿಮೆ ವ್ಯಾಪ್ತಿಗೆ ಇದು ಹೇಗೋ ಸಾಲುತ್ತೆ. ಅದೇ 220 ಹಂತವನ್ನು 10,000 ನಿಟ್ ತನಕ ಹರಡಿದ್ರೆ ಒಂದರಿಂದ ಇನ್ನೊಂದಕ್ಕೆ ಅಂತರ ದೊಡ್ಡದಾಗಿ, ಕಣ್ಣಿಗೆ ರಾಚುತ್ತೆ. ಎಚ್‌ಡಿಆರ್10 ಅನ್ನೋ ಹೆಸರಲ್ಲಿ 10 ಇರೋದು ಅದಕ್ಕೇ, ಅದಕ್ಕೆ 10 ಬಿಟ್ ಕಡ್ಡಾಯ.

ಪಿಕ್ಯೂ ಹಂತಗಳನ್ನು ಸಮವಾಗಿ ಹಂಚೋದಿಲ್ಲ ಅನ್ನೋದು ಅದರ ಜಾಣತನ. ಕತ್ತಲಲ್ಲಿ ನಮ್ಮ ಕಣ್ಣು ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತೆ, ಬೆಳಕಲ್ಲಿ ಹಿಡಿಯೋದಿಲ್ಲ. ಹಾಗಾಗಿ ಸೊನ್ನೆಯಿಂದ 100 ನಿಟ್ ತನಕಕ್ಕೇ ಹೆಚ್ಚುಕಡಿಮೆ ಅರ್ಧ ಹಂತ ಖರ್ಚಾಗುತ್ತೆ. 1000 ನಿಟ್ ಬರೋದು ನೂರಕ್ಕೆ 75ರ ಹತ್ತಿರ. ಉಳಿದ ಕಾಲುಭಾಗದಲ್ಲಿ 1000ದಿಂದ 10,000. ಕಣ್ಣಿನ ಕಾಂಟ್ರಾಸ್ಟ್ ಗ್ರಹಿಕೆ ಬಗ್ಗೆ ಬಾರ್ಟೆನ್ ಅನ್ನೋ ಸಂಶೋಧಕರು ಕೊಟ್ಟ ಮಾದರಿ ಇಟ್ಟುಕೊಂಡು ಈ ಕರ್ವ್ ಮಾಡಿದ್ದು. ಆ ಲೆಕ್ಕದ ಪ್ರಕಾರ ಪಟ್ಟೆ ಎಲ್ಲೂ ಕಾಣಲೇಬಾರದು ಅಂದ್ರೆ 12 ಬಿಟ್ ಬೇಕು. 10 ಬಿಟ್ ಅನ್ನೋದು ಒಂದು ರಾಜಿ, ಒಳ್ಳೆ ರಾಜಿ.

ಲೆಕ್ಕದ_ಮೇಷ್ಟ್ರು

ಕ್ಷಮಿಸಿ, ನನಗೆ ಈ 10 ಬಿಟ್ ಕಥೆ ಮಾರಾಟದ ತಂತ್ರ ಅಂತಲೇ ಅನ್ನಿಸೋದು. ಸ್ನೇಹಿತರ ಆಫೀಸಿನಲ್ಲಿ 8 ಬಿಟ್, 10 ಬಿಟ್ ಎರಡೂ ಮಾನಿಟರ್ ಪಕ್ಕಪಕ್ಕ ಇಟ್ಟು ಒಂದೇ ಫೋಟೊ ತೋರಿಸಿದರು. ಕಣ್ಣು ಕಿರಿದು ಮಾಡಿ ನೋಡಿದರೂ ವ್ಯತ್ಯಾಸ ಸಿಗಲಿಲ್ಲ.

ರಾತ್ರಿಪಾಳಿ

ಮೇಷ್ಟ್ರೇ, ಆ ಫೋಟೊ ಜೆಪೆಗ್ ಆಗಿತ್ತಾ? ಹೌದಾದ್ರೆ ಫೈಲ್‌ನಲ್ಲೇ 8 ಬಿಟ್ ಇರೋದು. ಎರಡು ಮಾನಿಟರ್‌ಗೂ ಅಷ್ಟೇ ಸಿಕ್ಕಿದ್ದು, ವ್ಯತ್ಯಾಸ ಎಲ್ಲಿಂದ ಬರಬೇಕು?

ಮನೇಲೇ ಮಾಡಬಹುದಾದ ಪರೀಕ್ಷೆ ಹೇಳ್ತೀನಿ. 1920 ಪಿಕ್ಸೆಲ್ ಅಗಲದ ಪರದೆ ತಗೊಳ್ಳಿ. ಎಡ ತುದಿಯಿಂದ ಬಲ ತುದಿಗೆ ಕಪ್ಪಿನಿಂದ ಬಿಳಿಗೆ ಹೋಗೋ ಬೂದು ಬಣ್ಣ ಬಳಿದ್ರೆ 256 ಹಂತಗಳಲ್ಲಿ ಒಂದೊಂದಕ್ಕೂ ಏಳೂವರೆ ಪಿಕ್ಸೆಲ್ ಬರುತ್ತೆ. ಇಷ್ಟು ಸಣ್ಣ ಪಟ್ಟೆ ಕಾಣೋದಿಲ್ಲ, ನೀವು ಹೇಳಿದ್ದು ನಿಜ ಅನ್ನಿಸುತ್ತೆ. ಈಗ ಪೂರ್ತಿ ಕಪ್ಪು ಬಿಳಿ ಬೇಡ, ಅದೇ ಅಗಲಕ್ಕೆ 30ರಿಂದ 50ರ ತನಕ ಮಾತ್ರ ಬಳೀರಿ. ಇಡೀ ಪರದೆಗೆ ಇಪ್ಪತ್ತೇ ಹಂತ, ಒಂದೊಂದು ಪಟ್ಟೆ 96 ಪಿಕ್ಸೆಲ್ ಅಗಲ. ಲೈಟ್ ಆರಿಸಿ ನೋಡಿ, ಅಂಚುಗಳು ಗೆರೆ ಎಳೆದಂಗೆ ಕಾಣ್ತವೆ. 10 ಬಿಟ್‌ನಲ್ಲಿ ಅಷ್ಟೇ ಬೆಳಕಿನ ಅಂತರಕ್ಕೆ 80 ಹಂತ ಸಿಗುತ್ತೆ, ಪಟ್ಟೆ 24 ಪಿಕ್ಸೆಲ್‌ಗೆ ಇಳಿಯುತ್ತೆ, ಎರಡು ಪಟ್ಟೆಗಳ ನಡುವಿನ ವ್ಯತ್ಯಾಸವೂ ಕಾಲುಭಾಗ. ಸಂಜೆ ಆಕಾಶ, ಮಂಜು, ಗೋಡೆ ಮೇಲೆ ಬಿದ್ದ ಟಾರ್ಚ್ ಬೆಳಕು, ಇವೆಲ್ಲ ಎರಡನೇ ತರದವು. ಗಿಡ, ಮರ, ಜನಜಂಗುಳಿ ಇರೋ ಫೋಟೊದಲ್ಲಿ ಹುಡುಕಿದ್ರೆ ಸಿಗೋದಿಲ್ಲ.

ಲೆಕ್ಕದ_ಮೇಷ್ಟ್ರು

ಜೆಪೆಗ್ಗೇ ಇರಬೇಕು. 30ರಿಂದ 50ರ ಲೆಕ್ಕ ಒಪ್ಪಿದೆ. ಆದರೆ ಒಂದು ಕೇಳಲೇ? ಹೆಚ್ಚಿನ "10 ಬಿಟ್" ಪ್ಯಾನೆಲ್‌ಗಳು ನಿಜಕ್ಕೂ 8 ಬಿಟ್, ಮೇಲೆ ಎಫ್‌ಆರ್‌ಸಿ ಅಂತ ಏನೋ ಮಾಡಿ 10 ಅಂತ ಹೇಳ್ತಾರಂತೆ. ಅದು ಮೋಸ ಅಲ್ಲವೇ?

ರಾತ್ರಿಪಾಳಿ

ಮೋಸ ಅನ್ನೋದು ಜಾಸ್ತಿ ಆಯ್ತು. 10 ಬಿಟ್‌ನ 521ನೇ ಹಂತ ಬೇಕು ಅಂತಿಟ್ಟುಕೊಳ್ಳಿ. 8 ಬಿಟ್ ಪ್ಯಾನೆಲ್‌ನಲ್ಲಿ ಅದು 130.25, ಅಂಥ ಹಂತವೇ ಇಲ್ಲ. ಎಫ್‌ಆರ್‌ಸಿ ಏನು ಮಾಡುತ್ತೆ ಅಂದ್ರೆ ಸತತ ನಾಲ್ಕು ಫ್ರೇಮ್‌ಗಳಲ್ಲಿ ಮೂರು ಸಲ 130, ಒಂದು ಸಲ 131 ತೋರಿಸುತ್ತೆ. ಕಣ್ಣು ಸರಾಸರಿ ತಗೊಳ್ಳುತ್ತೆ. ಅಕ್ಕಪಕ್ಕದ ಪಿಕ್ಸೆಲ್‌ಗಳಲ್ಲಿ ಆ 131 ಬೇರೆ ಬೇರೆ ಫ್ರೇಮ್‌ಗೆ ಬರೋ ಹಾಗೆ ಚದುರಿಸಿರ್ತಾರೆ, ಮಿನುಗು ಕಾಣದಿರಲಿ ಅಂತ. ಒಳ್ಳೆಯ 8+2 (8 ಬಿಟ್, ಮೇಲೆ ಎಫ್‌ಆರ್‌ಸಿಯ 2) ಪ್ಯಾನೆಲ್ ಮುಂದೆ ಕೂರಿಸಿ ಇದು ಅಚ್ಚ 10 ಬಿಟ್ ಹೌದೋ ಅಲ್ಲವೋ ಹೇಳಿ ಅಂದ್ರೆ ನಾನೂ ಹೇಳಲಾರೆ.

ಕೆಟ್ಟದ್ದು ಯಾವುದು ಅಂದ್ರೆ ಅಗ್ಗದ ಮಾನಿಟರ್‌ಗಳ 6+2. ಬುಡದಲ್ಲೇ 64 ಹಂತ ಇದ್ದು, ಎಫ್‌ಆರ್‌ಸಿ ಮಾಡಿ 8 ಬಿಟ್ ಅನ್ನಿಸಿಕೊಳ್ಳೋದು. ಕಡು ಬೂದು ಬಣ್ಣದಲ್ಲಿ ಹತ್ತಿರ ಹೋಗಿ ನೋಡಿದ್ರೆ ಇರುವೆ ಹರಿದಂಗೆ ಸಣ್ಣಗೆ ಮಿಡುಕೋದು ಕಾಣುತ್ತೆ. ಕೆಲವರಿಗೆ ಅದರಿಂದ ತಲೆನೋವೂ ಬರುತ್ತೆ.

ಕುಂದಗೋಳದವರ ಪಟ್ಟೆಗೆ ಪ್ಯಾನೆಲ್ ಕಾರಣ ಅಲ್ಲದೇ ಇರಬಹುದು. ಸ್ಟ್ರೀಮಿಂಗ್‌ನಲ್ಲಿ ಡೇಟಾ ಉಳಿಸೋಕೆ ಮೊದಲು ಕತ್ತರಿ ಬೀಳೋದೇ ಇಂಥ ನಯವಾದ ಜಾಗಗಳಿಗೆ. ನೆಟ್ ನಿಧಾನ ಆದಾಗ ಪಟ್ಟೆ ಜಾಸ್ತಿ ಆಗುತ್ತಾ ನೋಡಿ. ಹೌದು ಅಂದ್ರೆ ಅದು ಕಂಪ್ರೆಷನ್. ಮೆನುವಿನಲ್ಲಿ "ಸ್ಮೂತ್ ಗ್ರೇಡೇಶನ್" ಅಂತ ಇದ್ರೆ ಕಡಿಮೆ ಮಟ್ಟದಲ್ಲಿ ಇಡಿ. ತೀರಾ ಏರಿಸಿದ್ರೆ ಮುಖದ ಚರ್ಮ ಮೇಣದ ಗೊಂಬೆ ಆಗುತ್ತೆ.

ಚೌಕಿಮನೆ

ನನ್ನದೊಂದು ಪ್ರಶ್ನೆ ಉಂಟು ಮಾರಾಯ್ರೆ, ಸ್ವಲ್ಪ ಬೇರೆ ದಾರಿಯದ್ದು. ನಾನು ಯಕ್ಷಗಾನದ ಆಟಗಳ ವಿಡಿಯೊ ಮಾಡುವವ, ಫೋನಿನಲ್ಲೇ. ಫೋನಿನಲ್ಲಿ ನೋಡುವಾಗ ಏನು ಚಂದ! ಕಿರೀಟದ ಬೇಗಡೆ, ಎದೆಪದಕದ ಕನ್ನಡಿ ಚೂರು ಎಲ್ಲ ಮಿಂಚುತ್ತದೆ. ಅದನ್ನೇ ಗುಂಪಿಗೆ ಕಳಿಸಿದರೆ ಎಲ್ಲ ಬಿಳುಚಿಕೊಂಡು, ಬಣ್ಣದ ವೇಷದ ಕೆಂಪು ತೊಳೆದ ಅಂಗಿಯ ಹಾಗೆ. ಯಾರೋ "ಎಚ್‌ಡಿಆರ್ ತೆಗೆ" ಅಂದರು. ಕ್ಯಾಮೆರಾದ ಎಚ್‌ಡಿಆರ್ ಆಫ್ ಮಾಡಿದೆ, ಏನೂ ಬದಲಾಗಲಿಲ್ಲ.

ಗ್ರೇಡಿಂಗ್_ಕೋಣೆ

ಫೋನಿನಲ್ಲಿ ಎಚ್‌ಡಿಆರ್ ಅನ್ನೋ ಹೆಸರಿನ ಎರಡು ಬೇರೆ ಸಂಗತಿ ಇವೆ. ಹಳೆಯದು ಫೋಟೊದ್ದು: ಬೇರೆ ಬೇರೆ ಎಕ್ಸ್‌ಪೋಷರ್‌ನ ಕೆಲವು ಚಿತ್ರ ತೆಗೆದು ಒಂದಾಗಿ ಬೆಸೆಯೋದು. ಕೊನೆಗೆ ಸಿಗೋದು ಮಾಮೂಲಿ ಎಸ್‌ಡಿಆರ್ ಚಿತ್ರವೇ. ನೀವು ಆಫ್ ಮಾಡಿದ್ದು ಬಹುಶಃ ಅದನ್ನು.

ಇನ್ನೊಂದು ವಿಡಿಯೊದ್ದು. ಈಗಿನ ಹಲವು ಫೋನ್‌ಗಳು 10 ಬಿಟ್ ಎಚ್‌ಎಲ್‌ಜಿ ಅಥವಾ ಡಾಲ್ಬಿ ವಿಷನ್‌ನಲ್ಲಿ ರೆಕಾರ್ಡ್ ಮಾಡ್ತವೆ. ಐಫೋನ್‌ಗೆ 2020ರ 12ನೇ ಸರಣಿಯಿಂದ ಬಂತು. ಎಚ್‌ಎಲ್‌ಜಿ ಅನ್ನೋದು ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸೇರಿ ಮಾಡಿದ್ದು, 2016ರ ಬಿಟಿ.2100 ಮಾನದಂಡದಲ್ಲಿ ಪಿಕ್ಯೂ ಜೊತೆಗೇ ಸೇರಿತು. ನೇರಪ್ರಸಾರಕ್ಕೆ ಅಂತ ಯೋಚಿಸಿ ಮಾಡಿದ್ದರಿಂದ ಇದರಲ್ಲಿ ಪಿಕ್ಯೂ ತರಹ ಕಟ್ಟುನಿಟ್ಟಿನ ನಿಟ್ ಲೆಕ್ಕ ಇಲ್ಲ, ಕರ್ವ್‌ನ ಕೆಳಭಾಗ ಹಳೇ ಟಿವಿಯ ಕರ್ವ್ (ಗಾಮಾ ಅಂತಾರೆ) ತರಹವೇ ಇದೆ.

ಫೈಲ್‌ನೊಳಗೆ "ನನ್ನ ಬಣ್ಣ ಬಿಟಿ.2020, ಕರ್ವ್ ಎಚ್‌ಎಲ್‌ಜಿ" ಅಂತ ಒಂದು ಗುರುತು ಇರುತ್ತೆ. ಕಳಿಸೋ ಆ್ಯಪ್ ವಿಡಿಯೊವನ್ನು ಕುಗ್ಗಿಸುವಾಗ ಬಣ್ಣ ಪರಿವರ್ತನೆ ಮಾಡದೆ ಆ ಗುರುತನ್ನು ಮಾತ್ರ ಬಿಸಾಕಿದ್ರೆ, ಆಚೆ ಕಡೆ ಫೋನು ಅದನ್ನು ಹಳೇ ಬಿಟಿ.709, ಅಂದರೆ ಮಾಮೂಲಿ ಎಸ್‌ಡಿಆರ್‌ನ ಸಣ್ಣ ಬಣ್ಣದ ಹರವು ಅಂದುಕೊಂಡು ತೋರಿಸುತ್ತೆ. ಬಿಟಿ.2020ರ ಹರವು ತುಂಬ ದೊಡ್ಡದು, ಅದರಲ್ಲಿ ಅರ್ಧ ದಾರಿಯಲ್ಲಿರೋ ಕೆಂಪು 709ರಲ್ಲೂ ಅರ್ಧ ದಾರಿಯಲ್ಲೇ ಕೂರುತ್ತೆ. ಆದರೆ 709ರ ಅರ್ಧ ದಾರಿ ಅಂದ್ರೆ ಪೇಲವ ಕೆಂಪು. ನಿಮ್ಮ ವೇಷದ ಬಣ್ಣ ತೊಳೆದುಹೋದದ್ದು ಹೀಗೆ. ಕ್ಯಾಮೆರಾ ಆ್ಯಪ್‌ನ ವಿಡಿಯೊ ಸೆಟ್ಟಿಂಗ್‌ನಲ್ಲಿ "ಎಚ್‌ಡಿಆರ್ ವಿಡಿಯೊ" ಅಥವಾ "10 ಬಿಟ್" ಅಂತ ಪ್ರತ್ಯೇಕ ಸ್ವಿಚ್ ಇರುತ್ತೆ, ಹುಡುಕಿ.

ಒಂಟಿಕೊಪ್ಪಲು

ನಾನು ಮೈಸೂರಿನವ. ದಸರಾ ಸಮಯದಲ್ಲಿ ಅರಮನೆ ದೀಪಾಲಂಕಾರದ ಎಚ್‌ಡಿಆರ್ ವಿಡಿಯೊವನ್ನು ಮೂರು ತರದ ಟಿವಿಯಲ್ಲಿ ನೋಡೋ ಅವಕಾಶ ಸಿಕ್ಕಿತ್ತು. ನಿಟ್, ಬಿಟ್ ಎರಡೇ ಹೇಳಿ ಕಪ್ಪನ್ನು ಬಿಟ್ಟುಬಿಟ್ಟಿರಿ, ಅದಕ್ಕೇ ಬರೀತಿದೀನಿ.

ಸುಮಾರು ಒಂದು ಲಕ್ಷ ಬಲ್ಬು, ಹಿಂದೆ ಕಾರ್ಗತ್ತಲ ಆಕಾಶ. ಟಿವಿ ಪರೀಕ್ಷೆಗೆ ಇದಕ್ಕಿಂತ ಕಷ್ಟದ ದೃಶ್ಯ ಇಲ್ಲ. ಮೊದಲನೇದು ಮಾಮೂಲಿ ಐಪಿಎಸ್ ಎಲ್‌ಇಡಿ ಟಿವಿ, ಕಾಂಟ್ರಾಸ್ಟ್ 1000ಕ್ಕೆ 1ರ ಆಸುಪಾಸು, ಅಂದರೆ ಬಿಳಿಯ ಬೆಳಕು ಕಪ್ಪಿನ ಸುಮಾರು ಸಾವಿರ ಪಟ್ಟು. ಹಿಂದಿನ ಲೈಟು ಒಟ್ಟಿಗೇ ಉರಿಯೋದರಿಂದ ಆಕಾಶ ಬೂದು, ಗೋಪುರದ ಅಂಚು ಎಲ್ಲಿ ಮುಗೀತು ಅಂತ ಗೊತ್ತಾಗಲಿಲ್ಲ. ಎರಡನೇದು ಮಿನಿ ಎಲ್‌ಇಡಿ, ಹಿಂದಿನ ಲೈಟನ್ನು ವಲಯ ವಲಯವಾಗಿ ಆರಿಸೋ ತರದ್ದು. ಮೇಲಿನ ಆಕಾಶ ನಿಜಕ್ಕೂ ಕಪ್ಪು, ಬಲ್ಬುಗಳು ಕಣ್ಣು ಕೋರೈಸುವಷ್ಟು ಬೆಳಕು. ಆದರೆ ಗುಮ್ಮಟದ ಸುತ್ತ ಒಂದು ಹೊಗೆ ತರಹದ ಪ್ರಭೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್. 500 ವಲಯ ಇದ್ದರೂ ಒಂದು ವಲಯಕ್ಕೆ 16 ಸಾವಿರಕ್ಕೂ ಹೆಚ್ಚು ಪಿಕ್ಸೆಲ್ ಬರುತ್ತೆ. ಅದರಲ್ಲಿ ನಾಲ್ಕು ಬಲ್ಬು ಇದ್ದರೆ ಇಡೀ ವಲಯ ಬೆಳಗಲೇಬೇಕು. ಮೂರನೇದು ಒಎಲ್‌ಇಡಿ. ಅದರಲ್ಲಿ ಪಿಕ್ಸೆಲ್ ತಾನೇ ಉರಿಯುತ್ತೆ, ತಾನೇ ಆರುತ್ತೆ. ಬಲ್ಬಿನ ಪಕ್ಕದ ಪಿಕ್ಸೆಲ್ ಪೂರ್ತಿ ಕಪ್ಪು. ಬೆಳಕು ಮಿನಿ ಎಲ್‌ಇಡಿಗಿಂತ ಕಡಿಮೆ ಇದ್ದರೂ ಚಿತ್ರ ಅದರದ್ದೇ ಮೇಲು ಅಂತ ಮನೆಯವರೆಲ್ಲ ಹೇಳಿದರು.

ಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಜಂಬೂ ಸವಾರಿ ಹಾಕಿದಾಗ ಲೆಕ್ಕ ತಿರುಗಿತು. ಪರದೆ ತುಂಬ ಬೆಳಕಿದ್ದರೆ ಒಎಲ್‌ಇಡಿ ತನ್ನ ಬೆಳಕನ್ನು ತಾನೇ ಇಳಿಸಿಕೊಳ್ಳುತ್ತೆ. ಅಂಬಾರಿಯ ಹೊಳಪು ಮಿನಿ ಎಲ್‌ಇಡಿಯಲ್ಲೇ ಚೆನ್ನಾಗಿತ್ತು.

ಗ್ರೇಡಿಂಗ್_ಕೋಣೆ

ಇದು ಸರಿಯಾದ ಮಾತು. ಕಂಪನಿಗಳು ಹೇಳೋ ಗರಿಷ್ಠ ನಿಟ್ ಸಾಮಾನ್ಯವಾಗಿ ಪರದೆಯ ಸಣ್ಣ ಭಾಗ, ಹತ್ತನೇ ಒಂದರಷ್ಟು ಬೆಳಗಿಸಿ ಅಳೆದದ್ದು. ಇಡೀ ಪರದೆಗೆ ಎಷ್ಟು ಅಂತಲೂ ಕೇಳಿ. ಅಂದ ಹಾಗೆ ಹೊರಗೆ ಉರಿಬಿಸಿಲಲ್ಲಿಟ್ಟ ಬಿಳಿ ಹಾಳೆಯೇ 25,000 ನಿಟ್ ದಾಟುತ್ತೆ. ನಾವು ಇಲ್ಲಿ ಜಗಳ ಆಡ್ತಿರೋ ಟಿವಿಗಳೆಲ್ಲ ಅದರ ಮುಂದೆ ಎಷ್ಟರವು.

ಕುಂದಗೋಳದಾಂವ

ಎಲ್ಲಾರಿಗೂ ಧನ್ಯವಾದ್ರಿ. ವಿದ್ಯುತ್ ಉಳಿತಾಯ ಆನ್ ಇತ್ತು, ತಗದೆ. ಡೈನಾಮಿಕ್ ಟೋನ್ ಮ್ಯಾಪಿಂಗ್ ಹಚ್ಚಿದೆ. ರಾತ್ರಿ ಲೈಟ್ ಆರಿಸಿದ್ರ ಈಗ ಮಾರಿ ಕಾಣತಾವ, ಹಗಲೊತ್ತಿನ್ಯಾಗ ಇನ್ನೂ ಅಷ್ಟಕ್ಕಷ್ಟ. ಆಕಾಶದ ಪಟ್ಟಿ ನೆಟ್ ಚಲೋ ಇದ್ದಾಗ ಕಡಿಮಿ ಆಗತಾವ ಅನ್ನೋದು ಖರೆ. ಈಗ ತಮ್ಮನ ಮಾನಿಟರ್ ವಿಷಯ ಯಾರರ ಹೇಳ್ರಿ, ಆಂವ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೊಂಟ ನಿಂತಾನ.

ರಾತ್ರಿಪಾಳಿ

ತಡೀರಿ ಅವರನ್ನ.

ಮಾನಿಟರ್‌ಗೆ ವೆಸಾ ಅನ್ನೋ ಪರದೆ ಮಾನದಂಡಗಳ ಸಂಸ್ಥೆ 2017ರ ಡಿಸೆಂಬರ್‌ನಲ್ಲಿ ಡಿಸ್‌ಪ್ಲೇಎಚ್‌ಡಿಆರ್ ಅಂತ ಪ್ರಮಾಣಪತ್ರ ಶುರು ಮಾಡಿತು. ಮುಂದಿನ ಸಂಖ್ಯೆ ಗರಿಷ್ಠ ನಿಟ್. 400 ಅನ್ನೋದು ಅದರ ಕೆಳಗಿನ ಮೆಟ್ಟಿಲು. ಶುರುವಿನ ನಿಯಮದಲ್ಲಿ ಅದಕ್ಕೆ 8 ಬಿಟ್ ಪ್ಯಾನೆಲ್ ಸಾಕಿತ್ತು, ವಲಯವಾರು ಲೈಟ್ ಆರಿಸೋದು ಬೇಕಿರಲಿಲ್ಲ. 2024ರಲ್ಲಿ ನಿಯಮ ಬಿಗಿ ಮಾಡಿದ್ದಾರೆ, ಆದರೆ ಅಂಗಡಿಯಲ್ಲಿ ಹಳೇ ನಿಯಮದ ಮಾಲು ಇನ್ನೂ ಇರಬಹುದು. ಇನ್ನೂ ಹುಷಾರಾಗಿರಬೇಕಾದ್ದು, ವೆಸಾ ಮುದ್ರೆಯೇ ಇಲ್ಲದೆ ಬರೀ "ಎಚ್‌ಡಿಆರ್ 400" ಅಂತ ಬರೆದಿರೋ ಡಬ್ಬಿಗಳು. ಅದನ್ನು ಯಾರೂ ಪರೀಕ್ಷೆ ಮಾಡಿರೋದಿಲ್ಲ. ಒಎಲ್‌ಇಡಿಗೆ ಬೇರೆ ಶ್ರೇಣಿ ಇದೆ, ಟ್ರೂ ಬ್ಲ್ಯಾಕ್ 400 ಅಂತ. ಸಂಖ್ಯೆ ಅದೇ 400, ವಸ್ತು ಬೇರೆಯೇ. ಅದರಲ್ಲಿ ಕಪ್ಪು 0.0005 ನಿಟ್‌ಗಿಂತ ಹೆಚ್ಚಿರಬಾರದು.

ನನ್ನ ಕೇಳಿದ್ರೆ ಮಾಮೂಲಿ 400ಕ್ಕೆ ಒಂದು ರೂಪಾಯಿ ಜಾಸ್ತಿ ಕೊಡಬೇಡಿ. ಅದೇ ದುಡ್ಡಲ್ಲಿ ಒಳ್ಳೆ ಎಸ್‌ಡಿಆರ್ ಮಾನಿಟರ್ ಬರುತ್ತೆ.

ಲೆಕ್ಕದ_ಮೇಷ್ಟ್ರು

ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. 400 ಮುದ್ರೆ ಇರುವ ಮಾನಿಟರ್‌ಗೆ ಕನಿಷ್ಠ 400 ನಿಟ್ ಬೆಳಕಾದರೂ ಇರುತ್ತದಲ್ಲ, ಕಿಟಕಿ ಪಕ್ಕ ಕೂತು ಕೆಲಸ ಮಾಡುವವರಿಗೆ ಅದೇ ಲಾಭ. ಎಚ್‌ಡಿಆರ್ ಹಾಕದಿದ್ದರಾಯಿತು.

ರಾತ್ರಿಪಾಳಿ

ಹಾಗಂದ್ರೆ ಸರಿ, ಬೆಳಕಿಗೋಸ್ಕರ ತಗೊಳ್ಳಲಿ.

ಕೇಬಲ್ ಲೆಕ್ಕವನ್ನೂ ಹೇಳಿಬಿಡ್ತೀನಿ, ಜನ ಇಲ್ಲೇ ಎಡವೋದು. ಎಚ್‌ಡಿಎಂಐ 2.0 ಅಂದ್ರೆ ಸೆಕೆಂಡಿಗೆ 18 ಗಿಗಾಬಿಟ್, ಅದರಲ್ಲಿ ಚಿತ್ರಕ್ಕೆ ಸಿಗೋದು 14.4. 4ಕೆ, 60 ಹರ್ಟ್ಸ್, 8 ಬಿಟ್ ಪೂರ್ಣ ಬಣ್ಣಕ್ಕೆ 14.26 ಬೇಕು. ಕೂದಲೆಳೆಯಲ್ಲಿ ಹಿಡಿಸುತ್ತೆ. ಅದೇ 10 ಬಿಟ್ ಅಂದ್ರೆ 17.8, ಹಿಡಿಸೋದಿಲ್ಲ. ಆಗ ಕಂಪ್ಯೂಟರ್ ಒಂದೋ 8 ಬಿಟ್‌ಗೆ ಇಳಿದು ಡಿದರಿಂಗ್ ಮಾಡುತ್ತೆ, ಇಲ್ಲಾ ಬಣ್ಣದ ವಿವರ ಅರ್ಧ ಮಾಡಿ 4:2:2 ಕಳಿಸುತ್ತೆ. ಸಿನಿಮಾಗೆ 4:2:2 ಏನೂ ತೊಂದರೆ ಇಲ್ಲ, ಆದರೆ ಕೆಂಪು ಅಕ್ಷರದ ಅಂಚು ಹರಿದಂಗೆ ಕಾಣುತ್ತೆ. ವಿಂಡೋಸ್ 11ರಲ್ಲಿ ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆಗೆದ್ರೆ ಈಗ ಎಷ್ಟು ಬಿಟ್ ಹೋಗ್ತಿದೆ ಅಂತ ಬರೆದಿರುತ್ತೆ. "8 ಬಿಟ್ ವಿತ್ ಡಿದರಿಂಗ್" ಅಂತ ಕಂಡರೆ ಗಾಬರಿ ಬೇಡ, ಎಫ್‌ಆರ್‌ಸಿ ಮಾಡೋದನ್ನೇ ಗ್ರಾಫಿಕ್ಸ್ ಕಾರ್ಡ್ ಮಾಡ್ತಿದೆ ಅಂತ ಅರ್ಥ. ಎಚ್‌ಡಿಎಂಐ 2.1 ಇದ್ರೆ 48 ಗಿಗಾಬಿಟ್ ತನಕ ಇರೋದರಿಂದ ಈ ತಾಪತ್ರಯ ಇಲ್ಲ. ಆದರೆ 2.1 ಅಂತ ಬರೆದ ಎಲ್ಲ ಪೋರ್ಟ್‌ಗಳೂ ಪೂರ್ತಿ 48 ಕೊಡೋದಿಲ್ಲ, ಸ್ಪೆಕ್ ಹಾಳೆ ಓದಿ.

ಜಯನಗರ_ನಾಲ್ಕನೇ_ಬ್ಲಾಕ್

ವಿಂಡೋಸ್‌ನಲ್ಲಿ ಎಚ್‌ಡಿಆರ್ ಆನ್ ಮಾಡಿದ್ರೆ ಡೆಸ್ಕ್‌ಟಾಪ್ ಬಿಳುಚಿಕೊಳ್ಳುತ್ತಲ್ಲ, ಅದಕ್ಕೇನು?

ರಾತ್ರಿಪಾಳಿ

ಆಫೀಸ್ ಕೆಲಸಕ್ಕೆ ಆಫ್ ಇಟ್ಟುಕೊಳ್ಳಿ. ವಿಂಡೋಸ್ ಗುಂಡಿ, ಆಲ್ಟ್, ಬಿ ಒಟ್ಟಿಗೆ ಒತ್ತಿದ್ರೆ ಆನ್ ಆಫ್ ಆಗುತ್ತೆ, ಗೇಮ್ ಶುರು ಮಾಡೋ ಮುಂಚೆ ಒತ್ತಿ. ಆನ್ ಇದ್ದಾಗ ಎಸ್‌ಡಿಆರ್ ಕಂಟೆಂಟ್ ಬ್ರೈಟ್‌ನೆಸ್ ಅನ್ನೋ ಸ್ಲೈಡರ್ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಮೈಕ್ರೋಸಾಫ್ಟ್‌ದೇ ಎಚ್‌ಡಿಆರ್ ಕ್ಯಾಲಿಬ್ರೇಶನ್ ಆ್ಯಪ್ ಇದೆ, ಒಂದು ಸಲ ಓಡಿಸಿ. ಹಾಗೆ ಮಾಡಿದ ಮೇಲೂ ಕಡು ಬಣ್ಣಗಳು ಸ್ವಲ್ಪ ಎತ್ತಿದಂಗೆ ಕಾಣಬಹುದು. ಎಸ್‌ಡಿಆರ್ ಚಿತ್ರಗಳಿಗೆ ವಿಂಡೋಸ್ ಬಳಸೋ ಕರ್ವ್, ಮಾಮೂಲಿ ಮಾನಿಟರ್‌ಗಳ 2.2 ಗಾಮಾಗಿಂತ ಕಪ್ಪಿನ ಹತ್ತಿರ ಸ್ವಲ್ಪ ಬೇರೆ.

ಚೌಕಿಮನೆ

ಸಿಕ್ಕಿತು ಮಾರಾಯ್ರೆ, 10 ಬಿಟ್ ಅನ್ನುವ ಸ್ವಿಚ್ ಬೇರೆಯೇ ಇತ್ತು. ಈಗ ಗುಂಪಿಗೆ ಕಳಿಸಿದರೆ ಬಣ್ಣ ಸರಿ ಬರ್ತದೆ. ಆದರೆ ಬೇಗಡೆಯ ಆ ಮಿಂಚು ಹೋಯಿತು! ಎರಡೂ ಬೇಕಾದರೆ?

ಗ್ರೇಡಿಂಗ್_ಕೋಣೆ

ಎರಡೂ ಬೇಕು ಅಂದ್ರೆ 10 ಬಿಟ್ ಎಚ್‌ಎಲ್‌ಜಿಯಲ್ಲೇ ರೆಕಾರ್ಡ್ ಮಾಡಿ, ಆ ಮೂಲ ಫೈಲ್ ಕಾಪಿಡಿ. ಗುಂಪಿಗೆ ಕಳಿಸೋಕೆ ಎಡಿಟಿಂಗ್ ಆ್ಯಪ್‌ನಲ್ಲಿ ಬಿಟಿ.709ಕ್ಕೆ ಪರಿವರ್ತಿಸಿ ಇನ್ನೊಂದು ಪ್ರತಿ ತೆಗೀರಿ. ಎಕ್ಸ್‌ಪೋರ್ಟ್ ಮಾಡುವಾಗ ಎಸ್‌ಡಿಆರ್ ಅಂತ ಆಯ್ಕೆ ಇರುತ್ತೆ. ಯೂಟ್ಯೂಬ್‌ಗಾದರೆ ಎಚ್‌ಡಿಆರ್ ಫೈಲನ್ನೇ ಏರಿಸಬಹುದು, ಎಸ್‌ಡಿಆರ್ ಪರದೆಯವರಿಗೆ ಅವರೇ ಪರಿವರ್ತನೆ ಮಾಡಿ ಕೊಡ್ತಾರೆ.

ರೆಕಾರ್ಡ್ ಮಾಡುವಾಗ ಇನ್ನೊಂದು. ರಂಗಸ್ಥಳದ ಹಿಂದೆ ಕತ್ತಲು ಇರೋದರಿಂದ ಫೋನು ತಾನಾಗಿ ಎಕ್ಸ್‌ಪೋಷರ್ ಏರಿಸಿಬಿಡುತ್ತೆ. ಆಗ ಕಿರೀಟದ ಹೊಳಪು ಕ್ಯಾಮೆರಾದಲ್ಲೇ ಬಿಳಿಯಾಗಿ ಸುಟ್ಟುಹೋಗಿರುತ್ತೆ, 10 ಬಿಟ್ ಅಲ್ಲ 12 ಬಿಟ್ ಇದ್ರೂ ವಾಪಸ್ ಬರೋದಿಲ್ಲ. ವೇಷಧಾರಿಯ ಮುಖದ ಮೇಲೆ ಬೆರಳು ಒತ್ತಿಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಆಮೇಲೆ ಒಂದು ಚೂರು ಕೆಳಗೆ ಎಳೀರಿ. ಮುಖವರ್ಣಿಕೆ ಫೋನಿನಲ್ಲಿ ಸ್ವಲ್ಪ ಕಪ್ಪಾಗಿ ಕಂಡರೂ ಪರವಾಗಿಲ್ಲ, ಎಡಿಟಿಂಗ್‌ನಲ್ಲಿ ಎತ್ತಬಹುದು.

ಚೌಕಿಮನೆ

ಶನಿವಾರ ಕುಂದಾಪುರದ ಹತ್ತಿರ ಆಟ ಉಂಟು. ಅಲ್ಲಿ ಮಾಡಿ ನೋಡ್ತೇನೆ. ಎರಡು ಫೈಲನ್ನೂ ಇಲ್ಲಿ ಹಾಕ್ತೇನೆ, ನೀವೇ ಹೇಳಿ.